ಕೊಕ್ಕಿನ ಬಂಡೆಯಾಚೆಯ ಹೆಣ್ಣು ಕರಡಿ

"ತಾಯಿ ಕರಡೀನ ಕೊಂದುಬಿಟ್ಟಿದಾರೆ ಅಜ್ಜಿ!" ಎನ್ನುತ್ತ ಅವಿಯಾಯಾ ಹೊಸ್ತಿಲಲ್ಲೇ ಕುಸಿದು ಕೂತಳು.

ನಿವೃತ್ತ ಪೊಲೀಸ್ ಪಿಪಲುಕ್ ಅಜ್ಜಿ ಸೀಲ್ ಮಾಂಸದ ಸಾರನ್ನು ಒಲೆಯಿಂದ ಇಳಿಸಿದರು. ಗ್ರೀನ್‌ಲ್ಯಾಂಡಿನ ಉತ್ತರ ತುದಿಯ ನಮ್ಮೂರಿನಲ್ಲಿ ಏನೇ ಅನ್ಯಾಯವಾದರೂ ಜನ ಬರುತ್ತಿದ್ದದ್ದು ಅವರಲ್ಲಿಗೇ. ಅವರ ನಾಯಿಬಂಡಿ ಹೊಡೆಯುತ್ತಿದ್ದವನು ನಾನು.

ಅವಿಯಾಯಾ ಆ ಹಿಮಕರಡಿಯ ಚಿತ್ರಗಳನ್ನು ನಾಲ್ಕು ವರ್ಷದಿಂದ ತೆಗೆಯುತ್ತಿದ್ದಳು. ಈ ಸಲ ಅದಕ್ಕೆ ಎರಡು ಮರಿಗಳಿದ್ದವು. ಗುಹೆಯ ಜಾಗ ತಿಳಿದಿದ್ದವರು ಇನ್ನಿಬ್ಬರೇ: ಅವಳನ್ನು ಮದುವೆಯಾಗಲಿದ್ದ ಬೇಟೆಗಾರ ಮಿನಿಕ್, ಅವಳನ್ನು ಸಾಕಿದ ಸೋದರಮಾವ ಉಸ್ಸರ್ಕಾಕ್.

"ಬುಧವಾರ ಬದುಕಿತ್ತು, ನೋಡಿ. ಗುರುವಾರ ನಾನು ಹೋಗ್ಲಿಲ್ಲ. ಇವತ್ತು ನೋಡಿದ್ರೆ..."

ಕ್ಯಾಮೆರಾದಲ್ಲಿ ಬುಧವಾರದ ಚಿತ್ರಗಳಿದ್ದವು. ಕರಡಿ, ಮರಿಗಳು, ಕೊನೆಯಲ್ಲಿ ಕೊಲ್ಲಿಯ ಬಾಯಲ್ಲಿರುವ ಕೊಕ್ಕಿನ ಬಂಡೆಯ ಬುಡದ ಕಪ್ಪು ನೀರಿನಲ್ಲಿ ತೇಲುವ ಹಕ್ಕಿಗಳು.

ಕೊಲ್ಲಿಯ ಬಾಯಲ್ಲಿ ಮಂಜುಗಡ್ಡೆ ಕರಗಿದ್ದರಿಂದ ಬೆಟ್ಟ ಬಳಸಿ ಹೋದೆವು. ಕರಡಿಗೆ ತಾಗಿದ್ದು ಒಂದೇ ಗುಂಡು. ಚರ್ಮ ಸುಲಿದಿರಲಿಲ್ಲ, ಮಾಂಸ ಮುಟ್ಟಿರಲಿಲ್ಲ. ಅವಿಯಾಯಾ ಗುಹೆಯೆದುರಿನ ಕಲ್ಲಿನ ಮೇಲಿಟ್ಟಿದ್ದ ಕಾವಲು ಕ್ಯಾಮೆರಾದ ಬ್ಯಾಟರಿ ತೆಗೆದು, ಕ್ಯಾಮೆರಾವನ್ನು ಹಿಮ ತಾಗದಂತೆ ತೊಗಲಿನಲ್ಲಿ ಸುತ್ತಿಟ್ಟಿದ್ದರು. ಮರಿಗಳ ಹೆಜ್ಜೆಗಳು ಎತ್ತಲೋ ಹೋಗಿದ್ದವು.

ಊರಿಗೆ ಮರಳಿ ಅಜ್ಜಿ ಇಬ್ಬರನ್ನೂ ವಿಚಾರಿಸಿದರು. ಗುರುವಾರ ಮನೆಯಲ್ಲಿ ಒಬ್ಬನೇ ಇದ್ದೆ ಎಂದ ಮಿನಿಕ್. ಉಸ್ಸರ್ಕಾಕ್ ನಿಟ್ಟುಸಿರಿಟ್ಟ. "ಹೇಳಬಾರ್ದು ಅಂತಿದ್ದೆ. ಗುರುವಾರ ಕೊಕ್ಕಿನ ಬಂಡೆ ಬುಡದಲ್ಲಿ ಮಂಜುಗಡ್ಡೆ ಕೊರೆದು ಮೀನು ಹಿಡೀತಾ ಕೂತಿದ್ದೆ. ಇವನ ಬಂಡಿ ಗುಹೆ ಕಡೆ ಹೋಯ್ತು."

ಅವಿಯಾಯಾ ಬೆರಳಿನ ಉಂಗುರ ಕಿತ್ತು ಮಿನಿಕ್‌ನ ಕಾಲ ಬಳಿ ಎಸೆದಳು.

ಮರುದಿನ ಮಧ್ಯಾಹ್ನ ಅಜ್ಜಿ ಮೂವರನ್ನೂ ಮನೆಗೆ ಕರೆಸಿ ಕಾಫಿ ಕೊಟ್ಟರು.

"ಕೊಂದವನಿಗೆ ಚರ್ಮ ಬೇಡ, ಮಾಂಸ ಬೇಡ. ಕರಡಿ ಇರಬಾರ್ದು, ಅಷ್ಟೇ. ಬೇರೆಯವರಾಗಿದ್ರೆ ಕ್ಯಾಮೆರಾ ಒಡೆದು ಹಾಕ್ತಿದ್ರು. ಇದನ್ನ ಜೋಪಾನವಾಗಿ ಸುತ್ತಿಟ್ಟವನಿಗೆ ಈ ಹುಡುಗಿ ಮೇಲೆ ಪ್ರೀತಿ ಇದೆ. ಇಲ್ಲೀತನಕ ಇಬ್ಬರ ಮೇಲೂ ಅನುಮಾನವೇ. ಆದ್ರೆ ಬಂಡೆ ಬುಡದಲ್ಲಿ ಬುಧವಾರವೇ ಹಕ್ಕಿ ತೇಲ್ತಿದ್ವು. ನಿನ್ನೆ ನಾವು ಹೋದಾಗಲೂ ನೀರೇ. ಗುರುವಾರ ನೀನು ಯಾವ ಮಂಜುಗಡ್ಡೆ ಕೊರೆದೆ, ಉಸ್ಸರ್ಕಾಕ್?"

ಅಜ್ಜಿಯೇ ಮುಂದುವರಿಸಿದರು.

"ನಲವತ್ತು ವರ್ಷ ಏಪ್ರಿಲಿನಲ್ಲಿ ಅಲ್ಲಿ ಗಟ್ಟಿ ಮಂಜಿತ್ತು. ಹಳೇ ಲೆಕ್ಕದಲ್ಲೇ ನೀನು ಸುಳ್ಳು ಹೇಳ್ಬಿಟ್ಟೆ."

ಉಸ್ಸರ್ಕಾಕ್ ಸೋದರಸೊಸೆಯತ್ತ ತಿರುಗಿದ. "ಆ ಕೊಲ್ಲಿ ಫೋಟೋ ಯಾರಿಗೂ ತೋರಿಸಲ್ಲ ಅಂತ ನಂಗೆ ಮಾತು ಕೊಟ್ಟಿದ್ದೆ. ಆದ್ರೂ ನೀನು ಪಟ್ಟಣದ ಅಧಿಕಾರಿಗಳಿಗೆ ಕಳಿಸ್ದೆ. ಕರಡಿ ಉಳಿಸೋಕೆ ಅಲ್ಲಿ ಬೇಟೇನೇ ನಿಲ್ಲಿಸ್ತಾರಂತೆ. ಬೇಟೆಗೆ ಮಂಜುಗಡ್ಡೆ ಉಳಿದಿರೋದೇ ಆ ಕೊಲ್ಲಿ ಒಳಗೆ. ಕರಡಿ ಇಲ್ದಿದ್ರೆ ಏನನ್ನ ಕಾಪಾಡ್ತಾರೆ?"

"ಮಾತು ತಪ್ಪಿದ್ದು ನಾನು ಮಾವ. ಮಿನಿಕ್ ಏನು ಮಾಡಿದ್ದ?"

ಉಸ್ಸರ್ಕಾಕ್ ತನ್ನ ಕೋವಿಯನ್ನು ತಾನೇ ಅಜ್ಜಿಯ ಮುಂದಿಟ್ಟ. ಮರಿಗಳು ಬದುಕುವುದಿಲ್ಲವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಮಿನಿಕ್ ಎದ್ದು ಕೋಟು ಹಾಕಿಕೊಂಡ. ಅವಿಯಾಯಾ ಅವನ ತೋಳು ಹಿಡಿದಳು.

"ಅವನು ಹೇಳಿದ ತಕ್ಷಣ ನೀನು ನಂಬಿಬಿಟ್ಟೆ," ಎಂದ ಮಿನಿಕ್. "ಹೌದಾ ಅಂತ ನನ್ನನ್ನ ಒಂದು ಮಾತೂ ಕೇಳ್ಲಿಲ್ಲ."

ಅವಳ ಕೈಯನ್ನು ಮೆಲ್ಲನೆ ಬಿಡಿಸಿಕೊಂಡು ಹೊರಟ. ಅವಳು ಬಾಗಿಲವರೆಗೂ ಹೋದಳು. ಹೊಸ್ತಿಲು ದಾಟದೆ ಅಲ್ಲೇ ನಿಂತಳು.