ಕೊಡಪಾನದ ಹೊಟ್ಟೆಯ ಗೆರೆ

"ತಪ್ಪೊಪ್ಪಿಗೆ ನಾನು ಬರೆದುಕೊಡುದಿಲ್ಲ ಮೇಡಂ. ಪ್ರದರ್ಶನದಿಂದ ತೆಗೆದರೆ ತೆಗೀಲಿ."

ಹಾಸ್ಟೆಲಿನ ಜಗಲಿಯಲ್ಲಿ ನಿಂತು ಮೋಕ್ಷಿತಾ ಹೀಗೆಂದಾಗ, ಅವಳನ್ನು ಕರೆತಂದಿದ್ದ ಉದಯ ತನ್ನ ಲ್ಯಾಪ್‌ಟಾಪನ್ನು ಎದೆಗವಚಿಕೊಂಡ. ಪುತ್ತೂರಿನ ಆ ಕಾಲೇಜಿನ ಕಂಪ್ಯೂಟರ್ ಲ್ಯಾಬ್ ಅವನ ಸುಪರ್ದಿಯಲ್ಲಿತ್ತು. ಸಂಜೆ ಕಾಲೇಜಿನಲ್ಲಿ ಓದಿ ಈ ಕೆಲಸ ಹಿಡಿದವನಿಗೆ, ಎಲ್ಲಿ ತನ್ನ ಕಣ್ಣು ತಪ್ಪಿತೋ ಎಂಬ ಅಳುಕು. ಅವನಿಗಿದ್ದ ಒಂದೇ ಧೈರ್ಯ, ವಾರ್ಡನ್ ವಸುಮತಿ ಮೇಡಂ. ಗಣಿತ ಕಲಿಸಿ ನಿವೃತ್ತರಾದ ಅವರ ಕಣ್ಣು ತಪ್ಪಿಸಿ ಹಾಸ್ಟೆಲಿನಲ್ಲಿ ಒಂದು ಬಾಚಣಿಗೆಯೂ ಕಳವಾಗುತ್ತಿರಲಿಲ್ಲ.

ಗಣಿತ ಪ್ರದರ್ಶನಕ್ಕೆ ಮಕ್ಕಳು ಗ್ರಾಫ್ ತಂತ್ರಾಂಶದಲ್ಲಿ ಒಂದು ವಕ್ರರೇಖೆ ಎಳೆದು, ಅದನ್ನು ಅಕ್ಷದ ಸುತ್ತ ತಿರುಗಿಸಿ, ಮೂಡಿದ ಆಕೃತಿಯ ಘನಫಲವನ್ನು ಲೆಕ್ಕಹಾಕಬೇಕಿತ್ತು. ಮೋಕ್ಷಿತಾಳ ಆಕೃತಿಯೂ ಪ್ರಸನ್ನನ ಆಕೃತಿಯೂ ಒಂದೇ ಅಚ್ಚು. ಮೊದಲು ಒಪ್ಪಿಸಿದವನು ಪ್ರಸನ್ನ. ಹಾಗಾಗಿ ಕದ್ದವಳು ಮೋಕ್ಷಿತಾ ಎಂದು ಪ್ರಾಂಶುಪಾಲ ಗೌರೀಶಂಕರರು ತೀರ್ಮಾನಿಸಿ, ತಪ್ಪೊಪ್ಪಿಗೆ ಬರೆದುಕೊಡಲು ಹೇಳಿದ್ದರು.

"ನೀನು ಯಾಕೆ ತಡ ಮಾಡಿದ್ದು?" ವಸುಮತಿ ಕೇಳಿದರು.

"ಗುತ್ತಿಗಾರಿನ ನಮ್ಮ ಮನೆಯ ಕೊಡಪಾನದ ಫೋಟೋ ಇಟ್ಟು ಅದರ ಅಂಚಿನ ಮೇಲೆ ಗೆರೆ ಎಳೆದದ್ದು ಮೇಡಂ. ಎಡದ ಅಂಚು ಕತ್ತಲಲ್ಲಿತ್ತು, ಬಲದ್ದನ್ನೇ ಹಿಡಿದೆ. ಆದರೆ ಲೆಕ್ಕಕ್ಕಿಂತ ಕೊಡದಲ್ಲಿ ಹೆಚ್ಚು ನೀರು ಹಿಡೀತದೆ. ಎಲ್ಲಿ ತಪ್ಪಿತು ಅಂತ ಲ್ಯಾಬಿನಲ್ಲಿ ತೆರೆದಿಟ್ಟು ಹುಡುಕ್ತಾ ಇದ್ದೆ."

"ಪಕ್ಕದಲ್ಲಿ ಕೂತದ್ದು ಯಾರು?"

"ಪ್ರಸನ್ನ," ಎಂದ ಉದಯ ಮೆಲ್ಲಗೆ.

ವಸುಮತಿ ಉದಯನ ಲ್ಯಾಪ್‌ಟಾಪಿನಲ್ಲಿ ಆ ಆಕೃತಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಹೊಟ್ಟೆಯ ಸುತ್ತ ಒಳಸರಿದ ಒಂದು ಗೆರೆ ಬಳೆಯಂತೆ ಓಡಿತ್ತು.

"ನಿಮ್ಮ ಕೊಡಕ್ಕೆ ಹೀಗೆ ಗೆರೆ ಉಂಟಾ?"

"ಇಲ್ಲ," ಎಂದಳು ಹುಡುಗಿ. ಕೆಲಸ ಕೆಟ್ಟಿತು ಎಂದುಕೊಂಡ ಉದಯ. ವಸುಮತಿ ಮಾತ್ರ ನಕ್ಕರು. "ನಾಳೆ ಕೊಡ ಬರಲಿ. ದಿನಾ ಅದರಲ್ಲಿ ನೀರು ಹೊರುವವರೇ ತರಲಿ."

ಮರುದಿನ ಮೋಕ್ಷಿತಾಳ ಅಜ್ಜಿ ಪ್ರೇಮಾವತಿ ಗೋಣಿಚೀಲದಲ್ಲಿ ಕೊಡಪಾನ ಕಟ್ಟಿಕೊಂಡು ಬಸ್ಸಿಳಿದರು. ಪ್ರಾಂಶುಪಾಲರ ಕೋಣೆಯಲ್ಲಿ ಎಲ್ಲರೂ ಸೇರಿದರು.

"ಅಡುಗೆಮನೆಯೇ ಇಲ್ಲಿಗೆ ಬಂತಲ್ಲ!" ಗೌರೀಶಂಕರರು ಕೊಂಕು ನುಡಿದರು.

"ಕಾಫಿ ಕೊಡುದಾದರೆ ಒಲೆಯನ್ನೂ ತರ್ತಿದ್ದೆ ಮಾರಾಯ್ರೆ," ಎಂದರು ಅಜ್ಜಿ.

ವಸುಮತಿ ಪ್ರಸನ್ನನತ್ತ ತಿರುಗಿದರು. "ಈ ಗೆರೆ ಯಾಕೆ ಹಾಕಿದೆ?"

"ಚಂದಕ್ಕೆ ಮೇಡಂ. ನನ್ನದೇ ಡಿಸೈನ್. ಯಾವ ಪಾತ್ರೆಯನ್ನೂ ನೋಡಿ ಮಾಡಿದ್ದಲ್ಲ."

"ಸರಿ. ಅಜ್ಜೀ, ಕೊಡವನ್ನೊಮ್ಮೆ ಎತ್ತಿ."

ಅಜ್ಜಿ ಕೊಡವನ್ನು ಸೊಂಟಕ್ಕೇರಿಸಿದರು. ಅದು ಅಲ್ಲಿಯೇ ಹುಟ್ಟಿದಂತೆ ಕೂತುಕೊಂಡಿತು. ವಸುಮತಿ ಅದನ್ನು ಇಳಿಸಿ ಮೇಜಿನ ಮೇಲಿಟ್ಟು ತಿರುಗಿಸಿದರು. ಹೊಟ್ಟೆಯ ಒಂದು ಮಗ್ಗುಲು ತಗ್ಗಾಗಿತ್ತು.

"ಇದು ನಗ್ಗಿದ್ದಲ್ವಾ?"

"ನಗ್ಗಿದ್ದೆಂತದು! ಅದು ಸೊಂಟದ ಜಾಗ. ನಾನು ಮದುವೆಯಾಗಿ ಬಂದ ವರ್ಷ ತೋಟಕ್ಕೆ ನುಗ್ಗಿದ ಆನೆ ಇದನ್ನು ಬಾವಿಕಟ್ಟೆಯಿಂದ ಉರುಳಿಸಿದ್ದು. ಆಮೇಲೆ ಹೊರ್ಲಿಕ್ಕೆ ಸುಖ ಆಯ್ತು."

"ಆ ಮನೆಯಲ್ಲಿ ಯಾರಿಗೂ ಇದು ನಗ್ಗಾಗಿ ಕಾಣುದಿಲ್ಲ," ಎಂದರು ವಸುಮತಿ. "ಮೋಕ್ಷಿತಾಳಿಗೂ ಕಾಣಲಿಲ್ಲ. ಅವಳು ಹಿಡಿದ ಬಲದ ಅಂಚಿನಲ್ಲೇ ಈ ತಗ್ಗು ಇತ್ತು. ತಂತ್ರಾಂಶಕ್ಕೆ ಆನೆ ಗೊತ್ತುಂಟಾ? ಒಂದು ಕಡೆಯ ತಗ್ಗನ್ನು ಅಕ್ಷದ ಸುತ್ತ ತಿರುಗಿಸಿ ಗೆರೆ ಮಾಡಿತು. ಸುತ್ತಲೂ ಒಳಸರಿದ ಮೇಲೆ ಘನಫಲ ಕಡಿಮೆ ಬಾರದೆ ಇರುತ್ತದೆಯೇ? ಉದಯ, ಅವಳ ಫೋಟೋದ ಮೇಲೆ ಪ್ರಸನ್ನನ ರೇಖೆ ಇಡು."

ಉದಯ ಆ ರೇಖೆಯನ್ನು ಫೋಟೋದ ಬಳಿ ತಂದ. ಎರಡು ಸಲ ಪರೀಕ್ಷಿಸಿಯೇ ಒತ್ತಿದ. ಪ್ರಸನ್ನನ 'ಡಿಸೈನ್' ಅಜ್ಜಿಯ ಕೊಡದ ಅಂಚಿನ ಮೇಲೆ, ಆನೆ ಮಾಡಿದ ತಗ್ಗಿನ ಸಮೇತ, ಕೂದಲೆಳೆಯಷ್ಟೂ ಸರಿಯದೆ ಕೂತಿತು.

ಪ್ರಸನ್ನ ತಲೆ ತಗ್ಗಿಸಿದ. "ಅವಳು ನೀರು ಕುಡೀಲಿಕ್ಕೆ ಹೋದಾಗ ಫೈಲ್ ಕಾಪಿ ಮಾಡಿದೆ ಸರ್."

ಗೌರೀಶಂಕರರು ಹುಡುಗಿಯತ್ತ ತಿರುಗಿದರು. "ಮೋಕ್ಷಿತಾ, ನೀನೇ ಭಾಗವಹಿಸು. ಆದರೆ ಆ ಗೆರೆ ತೆಗೆದು ಆಕೃತಿ ನುಣುಪು ಮಾಡಿಬಿಡು."

"ತೆಗೆಯುದಿಲ್ಲ ಸರ್," ಎಂದಳು ಮೋಕ್ಷಿತಾ. "ಗೆರೆಯೂ ಇರ್ತದೆ, ಪಕ್ಕದಲ್ಲಿ ಕೊಡವೂ ಇರ್ತದೆ. ಲೆಕ್ಕ ಎಲ್ಲಿ ತಪ್ಪಿತು ಅಂತ ಬಂದವರಿಗೆ ನಾನೇ ಹೇಳ್ತೇನೆ."

ಅಜ್ಜಿ ಎದ್ದು ಕೊಡಪಾನವನ್ನು ಮೊಮ್ಮಗಳ ಸೊಂಟಕ್ಕೆ ದಾಟಿಸಿದರು. ಅಲ್ಲಿಯೂ ಅದು ಸರಿಯಾಗಿ ಕೂತಿತು.