ಎಲ್ಲರ ಹಾಗೆ ಉಂಡ ಅಪ್ಪ

“ಅಪ್ಪಾ, ಬೇಗ ನುಂಗಪ್ಪಾ! ಎಲ್ಲರೂ ನೋಡ್ತಿದಾರೆ.”

ಪುಟ್ಟಿ ಪಿಸುಗುಟ್ಟಿದಳು. ಅಪ್ಪ ತಲೆಯಾಡಿಸಿದ. ಆದರೆ ಬಾಯಿ ನಿಧಾನವಾಗಿ ಅಗಿಯುತ್ತಲೇ ಇತ್ತು.

ಅವತ್ತು ಸ್ಕೂಲಿನಲ್ಲಿ ಮಕ್ಕಳು ಅಪ್ಪ ಅಮ್ಮಂದಿರ ಜೊತೆ ಕೂತು ಉಣ್ಣುವ ದಿನ. ಎಲ್ಲರ ಮುಂದೆಯೂ ತುಂಬಿದ ತಟ್ಟೆ. ಅಪ್ಪನ ಮುಂದೆ ಮಾತ್ರ ಮನೆಯಿಂದ ತಂದ ಪುಟಾಣಿ ಡಬ್ಬಿ. ಅದರಲ್ಲಿ ಮೆತ್ತಗೆ ಹಿಸುಕಿದ ಅನ್ನ.

ಅಪ್ಪ ಟೈಲರ್. ಅಲ್ಲಿ ಕೂತಿದ್ದ ಅರ್ಧ ಮಕ್ಕಳ ಯೂನಿಫಾರ್ಮ್ ಅವನ ಕೈಯದೇ. ಬೇಸಿಗೆ ರಜೆಯಲ್ಲಿ ಅವನಿಗೆ ಹೊಟ್ಟೆಯ ಆಪರೇಷನ್ ಆಗಿತ್ತು. ಡಾಕ್ಟರು ಜಠರದ ಒಂದು ಭಾಗವನ್ನೇ ತೆಗೆದುಹಾಕಿದ್ದರು. “ಸ್ವಲ್ಪ ಸ್ವಲ್ಪವೇ ಆಗಾಗ ತಿನ್ನಿ. ಚೆನ್ನಾಗಿ ಅಗೀರಿ. ಊಟದ ಮಧ್ಯೆ ನೀರು ಬೇಡ, ಸಿಹಿ ಬೇಡ” ಅಂದಿದ್ದರು.

“ಜೇಬು ಚಿಕ್ಕದು ಮಾಡಿ ಹೊಲಿದಿದಾರೆ, ಅಷ್ಟೇ. ಅಳತೆ ನೋಡಿ ತುಂಬಿದ್ರಾಯ್ತು” ಎಂದು ಅಪ್ಪ ಮನೆಯವರನ್ನೆಲ್ಲ ನಗಿಸಿದ್ದ. ಅಂದಿನಿಂದ ಒಂದು ತುತ್ತು ಬಾಯಿಗಿಟ್ಟರೆ ಚಮಚ ಕೆಳಗೆ. ಬಾಯಿ ಖಾಲಿಯಾದ ಮೇಲೆಯೇ ಮತ್ತೆ ಚಮಚ ಮೇಲೆ. ಮನೆಯಲ್ಲಿ ಪುಟ್ಟಿಗೆ ಅದು ಏನೂ ಅನ್ನಿಸುತ್ತಿರಲಿಲ್ಲ.

“ಏ ಪುಟ್ಟಿ, ನಿಮ್ಮಪ್ಪಂಗೆ ಹಲ್ಲಿಲ್ವಾ?” ಎದುರಿಗೆ ಕೂತಿದ್ದ, ಅವಳದೇ ಬೀದಿಯ ಪಟಪಟಿ ಕೇಳಿದಳು. ಅವಳ ಬಾಯಿಗೆ ಬೀಗವೇ ಇಲ್ಲ. “ನಮ್ಮನೆ ಪಾಪುನೂ ಇದನ್ನೇ ತಿನ್ನೋದು!”

ಬೆಂಚಿಗೆ ಬೆಂಚೇ ಕಿಸಕ್ಕೆಂದಿತು. ಪುಟ್ಟಿಯ ಕಿವಿ ಬಿಸಿಯಾಯಿತು. ಅವಳು ಡಬ್ಬಿಯ ಮುಚ್ಚಳ ಮುಚ್ಚಿಬಿಟ್ಟಳು.

“ಇವತ್ತೊಂದಿನ ಎಲ್ಲರ ಹಾಗೆ ತಿನ್ನಪ್ಪಾ. ಪ್ಲೀಸ್.”

ಅಪ್ಪ ಅವಳ ಮುಖ ನೋಡಿದ. ಆಮೇಲೆ ಒಂದು ತಟ್ಟೆ ಎಳೆದುಕೊಂಡ. “ನನಗೂ ಬಡಿಸಿ ಸಾರ್!”

ಅನ್ನ ತಿಂದ. ಕರಿದ ಆಲೂಗಡ್ಡೆ ತಿಂದ. ಗಟಗಟ ನೀರು ಕುಡಿದ. ಕೊನೆಗೆ ಕ್ರೀಮ್ ಹಚ್ಚಿದ ದೊಡ್ಡ ಕೇಕಿನ ತುಂಡನ್ನೂ ಮುಗಿಸಿದ.

“ಅಬ್ಬಬ್ಬಾ! ಟೈಲರ್ ಅಂಕಲ್‌ದು ಮಿಷಿನ್ ಸ್ಪೀಡು!” ಎಂದಳು ಪಟಪಟಿ. ಪುಟ್ಟಿ ಹಿಗ್ಗಿ ಹೀರೇಕಾಯಿಯಾದಳು.

ಮನೆಗೆ ಹೋಗುವ ದಾರಿಯಲ್ಲಿ ಅಪ್ಪನ ಹೆಜ್ಜೆ ತಡವರಿಸಿತು. ಮೂಲೆಯಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತ. ಹಣೆಯೆಲ್ಲ ಬೆವರು, ಕೈ ನಡುಕ.

“ಏನಾಯ್ತಪ್ಪಾ?”

“ಏನಿಲ್ಲ ಮಗಳೇ. ಎದೆ ಡವಡವ ಅಂತಿದೆ. ಸ್ವಲ್ಪ ಸುಧಾರಿಸ್ಕೋತೀನಿ” ಅನ್ನುವಷ್ಟರಲ್ಲಿ ಚರಂಡಿಯತ್ತ ಬಗ್ಗಿ ತಿಂದದ್ದೆಲ್ಲ ಕಾರಿಕೊಂಡ. ಪುಟ್ಟಿ ಅವನ ಅಂಗಿಯ ಚುಂಗು ಹಿಡಿದು ನಿಂತೇ ಇದ್ದಳು. ದಾರಿಹೋಕರು ತಿರುಗಿ ನೋಡಿದ್ದು ಅವಳ ಗಮನಕ್ಕೇ ಬರಲಿಲ್ಲ.

ಮನೆಯಲ್ಲಿ ಅಮ್ಮ ಅಪ್ಪನನ್ನು ಮಲಗಿಸಿ ಆಸ್ಪತ್ರೆಗೆ ಫೋನ್ ಮಾಡಿದಳು. ರೆಸ್ಟ್ ಮಾಡಲಿ, ಮತ್ತೆ ವಾಂತಿಯಾದರೆ ತಕ್ಷಣ ಕರೆದುಕೊಂಡು ಬನ್ನಿ ಎಂದರು ನರ್ಸಮ್ಮ. ಫೋನ್ ಇಟ್ಟದ್ದೇ ಅಮ್ಮನ ಮಾತು ಶುರುವಾಯಿತು.

“ಡಬ್ಬಿ ಕಟ್ಟಿ ಕೊಟ್ಟಿದ್ನಲ್ಲ! ಯಾವ ದೆವ್ವ ಹಿಡಿದಿತ್ತು ನಿಮಗೆ?”

“ನಂದೇ ತಪ್ಪು ಕಣೇ. ಕೇಕ್ ನೋಡಿ ಬಾಯಲ್ಲಿ ನೀರೂರ್ತು.”

“ಮಕ್ಕಳಿಗಿಂತ ಕಡೆ ಆದ್ರಲ್ಲ! ನಮ್ಮ ಪುಟ್ಟಿಗಿರೋ ಬುದ್ಧಿನೂ ಇಲ್ಲ ನಿಮಗೆ!”

ಬಾಗಿಲ ಹಿಂದೆ ನಿಂತಿದ್ದ ಪುಟ್ಟಿಗೆ ಆ ಹೊಗಳಿಕೆ ಸೂಜಿಯ ಹಾಗೆ ಚುಚ್ಚಿತು.

“ಅಮ್ಮಾ... ಅಪ್ಪ ಅಲ್ಲ. ನಾನೇ ತಿನ್ನು ಅಂದಿದ್ದು. ಎಲ್ಲರೂ ನಕ್ಕರು. ನಂಗೆ ನಾಚಿಕೆ ಆಯ್ತು.”

ಅಮ್ಮ ಅವಳ ಕೈ ಹಿಡಿದು ಹಾಸಿಗೆಯ ಪಕ್ಕ ಕೂರಿಸಿದಳು. ಪುಟ್ಟಿ ನೆಲ ನೋಡುತ್ತಲೇ ಕೇಳಿದಳು, “ಗೊತ್ತಿದ್ದೂ ಯಾಕಪ್ಪಾ ತಿಂದೆ?”

“ನಿನ್ನ ಮುಖ ಇಷ್ಟೇ ಇಷ್ಟಾಗಿತ್ತಲ್ಲ” ಎಂದ ಅಪ್ಪ, ಕಣ್ಣು ತೆರೆಯದೆ.

ಪುಟ್ಟಿ ಹೊದಿಕೆಯ ಅಂಚನ್ನು ಸುಮ್ಮನೆ ಮಡಿಸುತ್ತ, ಬಿಡಿಸುತ್ತ ಕೂತಳು.

ಸಂಜೆ ಅಪ್ಪ ಎದ್ದು ದಿಂಬಿಗೊರಗಿದ. ಅಮ್ಮ ಒಂದಿಷ್ಟು ಮೆತ್ತನೆಯ ಅನ್ನ ತಂದುಕೊಟ್ಟಳು. ಹೊರಗೆ ಪಟಪಟಿ ಕೂಗಿದಳು, “ಏ ಪುಟ್ಟೀ! ಆಟಕ್ಕೆ ಬರಲ್ವಾ?”

“ಹೋಗು ಮಗಳೇ. ನಂದು ತಡ ಆಗುತ್ತೆ” ಎಂದ ಅಪ್ಪ.

ಪುಟ್ಟಿ ಎದ್ದು ಹೋಗಿ ಬೀದಿಯ ಬಾಗಿಲನ್ನು ಅಗಲವಾಗಿ ತೆರೆದಳು.

“ಬರ್ತೀನಿ, ಇರೇ. ನಮ್ಮಪ್ಪ ಊಟ ಮಾಡ್ತಿದಾನೆ” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. ಮುಖ ಇನ್ನೂ ಬಿಸಿಯಾಗಿಯೇ ಇತ್ತು. ಬಾಗಿಲನ್ನು ಹಾಗೇ ತೆರೆದಿಟ್ಟು, ಬಂದು ಅಪ್ಪನ ಪಕ್ಕ ಕೂತಳು.