ಹಾನ್ ಹಂದಿ ಕಳುವಾದ ಕೇಸು

ಬುಧವಾರ ಬೆಳಿಗ್ಗೆ ಮಾಂಗ್ ಗುಡ್ಡದ ಪೊಲೀಸ್ ಸ್ಟೇಷನ್ನಲ್ಲಿ ಫೋನು ಬಡ್ಕೊಳ್ಳೋಕೆ ಶುರುವಾಯ್ತು. ಇನ್‌ಸ್ಪೆಕ್ಟರ್ ಪಾಂಗ್ ಆಗ ಎದುರುಗಡೆ ಅಂಗಡೀಲಿ ಸೂಪು ಕುಡೀತಾ ಕೂತಿದ್ದ. ಚೀನಾದ ಈ ಲುವೊಯಾಂಗ್ ಸೀಮೇಲಿ ಬೆಳಿಗ್ಗೆ ಸೂಪು ಕುಡಿಯದೋನನ್ನ ಮನುಷ್ಯ ಅಂತ ಲೆಕ್ಕಕ್ಕೇ ತಗೊಳಲ್ಲ. ಪಾಂಗ್ ಅಂತೂ ಬಟ್ಟಲಿಗೆ ಮುಖ ಹಾಕಿದ ಅಂದ್ರೆ, ಊರಿಗೆ ಬೆಂಕಿ ಬಿದ್ರೂ ತಳ ಕಾಣೋ ತನಕ ತಲೆ ಎತ್ತೋ ಗಂಡಲ್ಲ.

ಫೋನು ಎತ್ತಿದ್ದು ಕಾನ್ಸ್‌ಟೇಬಲ್ ರುವಾನ್. ರಿಟೈರಾಗೋಕೆ ಬಂದೋನು, ಒಂದು ಕಿವಿ ಮಂದ. ಕೇಳಿಸೋ ಕಿವಿ ಮೇಲೆ ಸಿಗರೇಟು ಸಿಕ್ಕಿಸಿಕೊಂಡಿದ್ದರಿಂದ ಫೋನು ಕೇಳಿಸದ ಕಿವಿಗೇ ಹೋಯ್ತು.

"ಏನು ಕಳುವಾಗಿದೆ?"

"ಹಾನ್ ಹಂದಿ."

"ಬಣ್ಣ?"

"ಹಸಿರು."

"ವಯಸ್ಸು?"

"ಎರಡು ಸಾವಿರ ವರ್ಷ ಕಣಯ್ಯಾ, ಬೇಗ ಬನ್ನಿ."

ರುವಾನ್ ನಾಲಿಗೆ ಕಚ್ಚಿಕೊಂಡು ಎಫ್‌ಐಆರ್ ಬರೆದ: 'ಹಾನ್ ಎಂಬುವರಿಗೆ ಸೇರಿದ ಹಂದಿ ಕಳುವಾಗಿರುತ್ತದೆ. ಬಣ್ಣ ಹಸಿರು, ಬಹುಶಃ ಪಾಚಿ. ವಯಸ್ಸು, ದೂರುದಾರರು ಗಾಬರಿಯಲ್ಲಿದ್ದುದರಿಂದ, ತಿಳಿದುಬಂದಿರುವುದಿಲ್ಲ.'

ಬರೆದೋನು ಸೈಕಲ್ ಹತ್ತಿ ಸೀದಾ ಕಟುಕ ಹಾನ್ ಮನೆಗೆ ಹೋದ. ಹಾನ್ ಹಂದಿಗಳೆಲ್ಲಾ ಗುಂಡುಗುಂಡಾಗಿ ಕೊಟ್ಟಿಗೇಲೇ ಬಿದ್ದಿದ್ವು. "ನನ್ನ ಹಂದಿ ಕಳುವಾಗಿದೆ ಅಂದೋನು ಯಾವನು? ನನ್ನ ವ್ಯಾಪಾರದ ಮೇಲೆ ಕಣ್ಣು ಹಾಕ್ತಾ ಇದೀರಾ?" ಅಂತ ಹಾನ್ ಕತ್ತಿ ಹಿಡ್ಕೊಂಡೇ ಹೊರಗೆ ಬಂದ. ರುವಾನ್ ಬಿಡೋ ಪೈಕಿ ಅಲ್ಲ. ಮನೆ ಮನೆ ಬಾಗಿಲು ತಟ್ಟಿ "ನಿಮ್ಮ ಹಂದಿ ಇದ್ಯಾ?" ಅಂತ ಕೇಳಿದ. ಮಧ್ಯಾಹ್ನದ ಹೊತ್ತಿಗೆ ಇಡೀ ಊರೇ ಕೆಲಸ ಬಿಟ್ಟು ಹಂದಿ ಎಣಿಸ್ತಾ ಕೂತಿತ್ತು.

ಅಷ್ಟೊತ್ತಿಗೆ ಸರ್ಕಾರದ ಪರವಾಗಿ ಗುಡ್ಡದ ಮೇಲೆ ಹಳೇ ಸಮಾಧಿ ಅಗೆಸ್ತಾ ಇದ್ದ ಯಿನ್ ಮೇಷ್ಟ್ರು ಸ್ಟೇಷನ್ನಿಗೆ ತಾವೇ ಬಂದು ಪಾಂಗ್ ಎದುರು ನಿಂತ್ರು. ಮುಖ ಬೇಯಿಸಿದ ಏಡಿ ಥರ ಆಗಿತ್ತು.

"ಹಾನ್ ಅಂದ್ರೆ ಕಟುಕ ಹಾನ್ ಅಲ್ಲ ಸ್ವಾಮಿ. ಹಾನ್ ರಾಜರ ಕಾಲ. ಹಸಿರು ಮೆರುಗು ಕೊಟ್ಟ ಮಣ್ಣಿನ ಹಂದಿ. ಸತ್ತೋನಿಗೆ ಆ ಲೋಕದಲ್ಲಿ ಬೇಕಾಗುತ್ತೆ ಅಂತ ನಾಯಿ, ಕೋಳಿ, ಕುರಿ, ಕುದುರೆ ಎಲ್ಲಾ ಮಣ್ಣಲ್ಲಿ ಮಾಡಿ ಜೊತೇಲಿ ಹೂಳ್ತಿದ್ರು. ಅದ್ರಲ್ಲಿ ಹಂದಿ ಹೋಗಿದೆ. ಶುಕ್ರವಾರ ಇದನ್ನೆಲ್ಲಾ ಪ್ರದರ್ಶನಕ್ಕೆ ಒಯ್ಯೋಕೆ ಲಾರಿ ಬರುತ್ತೆ."

ಅವರು ಬಾಯಿ ಮುಚ್ಚೋದರೊಳಗೆ ಜಿಲ್ಲೆಯ ದೊಡ್ಡ ಸಾಹೇಬ್ರ ಫೋನೂ ಬಂತು. ದೊಡ್ಡ ಸಾಹೇಬ್ರು ಜಾಸ್ತಿ ಮಾತಾಡೋರಲ್ಲ. "ಶುಕ್ರವಾರ ಆ ಲಾರೀನ ಹಂದಿ ಹತ್ತಬೇಕು. ಇಲ್ಲಾಂದ್ರೆ ನೀನು ಹತ್ತು. ಮೇಲಿನ ಬೆಟ್ಟದ ಠಾಣೆ ಖಾಲಿ ಇದೆ."

ಮೇಲಿನ ಬೆಟ್ಟದಲ್ಲಿ ಮೂರು ಹೊತ್ತೂ ಗೆಣಸು. ಸೂಪಿನ ಅಂಗಡಿ ಇರೋ ಊರಿಗೆ ಒಂದು ಹಗಲಿನ ಹಾದಿ. ಪಾಂಗ್ ಫೋನಿಟ್ಟು, ಟೋಪಿ ಹಾಕ್ಕೊಂಡು, ಪಕ್ಕಕ್ಕೆ ತೊಟ್ಟಿಲು ಜೋಡಿಸಿದ್ದ ಮೋಟಾರ್‌ಸೈಕಲ್ಲಿಗೆ ಒದ್ದ ಒದೆಗೆ ಅದು ಹೆದರಿಕೊಂಡೇ ಸ್ಟಾರ್ಟಾಯ್ತು.

ಗುಡ್ಡದ ಮೇಲೆ ಮೇಷ್ಟ್ರ ಕ್ಯಾಂಪಿನ ಶೆಡ್ಡಲ್ಲಿ ಪಂಚನಾಮೆ ಶುರುವಾಯ್ತು. ಬಾಗಿಲು ಮುರಿದಿಲ್ಲ. ಚಿಲಕವೋ, ಊಟದ ಕಡ್ಡಿ ತೂರಿಸಿದ್ರೂ ಏಳೋ ಅಂಥದ್ದು. ಹಿಂದಿನ ಮಧ್ಯಾಹ್ನ ಉಂಡು ಎಲ್ಲರೂ ಮಲಗಿದ್ದಾಗ ಕಳ್ಳತನ ಆಗಿದೆ; ರಾತ್ರಿಯೆಲ್ಲಾ ತಾವೇ ಹುಡುಕಿ ಸೋತು ಬೆಳಿಗ್ಗೆ ಫೋನು ಮಾಡಿದಾರೆ. ಕಾವಲುಗಾರನೂ ಮಲಗಿದ್ದ; ಅವನ ಗೊರಕೆ ಇಡೀ ಕ್ಯಾಂಪಿಗೇ ಕೇಳಿಸಿತ್ತು, ಕಳ್ಳನ ಸದ್ದು ಕೇಳಿದೋರು ಒಬ್ಬರೂ ಇಲ್ಲ.

ಪಾಂಗ್ ಒಂದೊಂದಾಗಿ ನೋಡಿದ. ಮೊಳದುದ್ದದ ಕುದುರೆ ಅಲ್ಲೇ ನಿಂತಿತ್ತು, ಕಿವಿ ಕೂಡ ಮುಕ್ಕಾಗಿರಲಿಲ್ಲ. ಹಂದಿ ಇದ್ದ ಜಾಗದಲ್ಲಿ ಹುಲ್ಲಿನ ಮೇಲೆ ಇನ್ನೊಂದು ಹಂದಿ ಮಲಗಿತ್ತು. ಉಸಿರಾಡೋ ಹಂದಿ. ಮರಿ.

"ಇದೇನು ಮೇಷ್ಟ್ರೆ?"

"ಬೀದಿ ಮರಿ, ನುಗ್ಗಿಬಿಟ್ಟಿದೆ. ನಿನ್ನೆಯಿಂದ ಓಡಿಸ್ತಾ ಇದೀವಿ, ಮತ್ತೆ ಬಂದು ಅಲ್ಲೇ ಮಲಗುತ್ತೆ."

ಪಾಂಗ್ ಬಗ್ಗಿ ಮರಿ ಕತ್ತು ನೋಡಿದ. ಕೆಂಪು ದಾರ. ಆ ಕಡೆ ಹಳ್ಳೀಲಿ ಮಾರಿದ ಪ್ರಾಣಿಗೆ ಹಗ್ಗ ಕಟ್ತಾರೆ, ಮನಸ್ಸಿಟ್ಟು ಕೊಟ್ಟ ಪ್ರಾಣಿಗೆ ಕೆಂಪು ದಾರ ಕಟ್ತಾರೆ.

"ನುಗ್ಗಿದ್ದಲ್ಲ ಇದು, ಕೊಟ್ಟಿದ್ದು" ಅಂದ ಪಾಂಗ್. "ರುವಾನಣ್ಣ, ಇದನ್ನ ಜಪ್ತಿ ಮಾಡು."

ಜಪ್ತಿಯಾದ ಮರಿ ಆವತ್ತು ಸಂಜೆ ಒಳಗೆ ಸ್ಟೇಷನ್ನಿನ ಪೊರಕೆ, ರುವಾನ್ ಚಪ್ಪಲಿ, ಎಫ್‌ಐಆರ್‌ನ ಅರ್ಧ ಹಾಳೆ ತಿಂದು ಮುಗಿಸ್ತು. 'ಬಹುಶಃ ಪಾಚಿ' ಅನ್ನೋ ಭಾಗ ಅದರ ಹೊಟ್ಟೆ ಸೇರಿದ್ದಕ್ಕೆ ಯಾರಿಗೂ ದುಃಖ ಆಗಲಿಲ್ಲ.

ಆಚೆ ಊರಲ್ಲಿ ಲೈ ಅಂತ ಒಬ್ಬ ಇದ್ದ. ಹೊಸ ಮಣ್ಣಿನ ಬೊಂಬೆಗೆ ಟೀ ಸೊಪ್ಪು, ಗೊಬ್ಬರ ಎಲ್ಲಾ ಬಳಿದು, ಅಜ್ಜನ ಅಜ್ಜನ ಕಾಲದ್ದು ಅಂತ ಪರದೇಶದೋರಿಗೆ ಮಾರೋನು. ಪಾಂಗ್ ಅವನ ಬೊಂಬೆ ಸುಡೋ ಗೂಡಿನ ಮುಂದೆ ಹೋಗಿ ನಿಂತ.

"ನಿನ್ನೆ ಮಧ್ಯಾಹ್ನ ಎಲ್ಲಿದ್ದೆ?"

"ಗೂಡಿನ ಮುಂದೆ. ಬೆಂಕಿ ಬಿಟ್ಟು ಕದಲೋ ಹಾಗಿಲ್ಲ ಸಾಹೇಬ್ರೆ."

"ಹಂದಿ ಎಲ್ಲಿ?"

"ಹಂದಿ ಯಾವನಿಗೆ ಬೇಕು? ಕುದುರೆ ಕೇಳ್ತಾರೆ, ಒಂಟೆ ಕೇಳ್ತಾರೆ. ಒಂದೇ ಒಂದು ಹಂದಿ ಮಾಡಿದ್ದೆ, ನನ್ನ ಹೆಂಡತಿ ಬಾಗಿಲಿಗೆ ಆನಿಸಿ ಇಟ್ಟಿದಾಳೆ. ಮಾರೋ ಕಳ್ಳ ಆಗಿದ್ರೆ ಕುದುರೆ ಬಿಟ್ಟು ಹೋಗ್ತಿದ್ನಾ?"

ಮಾತು ಸರಿ ಅನ್ನಿಸ್ತು. ಸರಿ ಅನ್ನಿಸಿದ್ದಕ್ಕೇ ಪಾಂಗ್‌ಗೆ ಗೆಣಸಿನ ವಾಸನೆ ಮೂಗಿಗೆ ಬಡೀತು.

ಗುರುವಾರ ಬೆಳಿಗ್ಗೆ ಪಾಂಗ್ ಸೂಪಿನ ಬಟ್ಟಲನ್ನ ತಾಯಿ ಮುಖ ನೋಡೋ ಹಾಗೆ ನೋಡ್ತಾ ಕೂತಿದ್ದ. ಎದುರಿಗೆ ರುವಾನ್ ರೊಟ್ಟಿ ಮುರಿದು ಹಾಕ್ಕೊಳ್ತಾ ತನ್ನ ಪಾಡು ಹೇಳ್ಕೊಂಡ.

"ಮನೆಮನೆ ಸುತ್ತಿ ನನ್ನ ಮಂಡಿ ಹೋಯ್ತು ಸಾಹೇಬ್ರೆ. ಒಬ್ಬರದ್ದೂ ಕಳೆದಿಲ್ಲ. ಆ ಚ್ಯಾವ್ ಅಜ್ಜಿ ಅಂತೂ ನನ್ನೇ ಗದರಿಸಿದ್ಲು. 'ಯಾಕಪ್ಪಾ ಕಳೀತದೆ? ಹಂದಿಗೆ ಹಂದಿ ಕೊಟ್ಟು ಬಂದಿದೀನಿ, ಲೆಕ್ಕ ಚುಕ್ತಾ' ಅಂದ್ಲು."

ಪಾಂಗ್ ಬಟ್ಟಲು ಕೆಳಗಿಟ್ಟ. ಅರ್ಧ ತುಂಬಿದ ಬಟ್ಟಲು. ಅಂಗಡಿಯೋನು ಇವನಿಗೆ ಹುಷಾರಿಲ್ವೇನೋ ಅಂತ ಓಡಿ ಬಂದ.

"ಇದನ್ನ ನಿನ್ನೆ ಯಾಕೆ ಹೇಳಲಿಲ್ಲ ರುವಾನಣ್ಣ?"

"ನೀವು ಕೇಳಿದ್ದು ಯಾರ್ದು ಕಳೆದಿದೆ ಅಂತ. ಅವಳ್ದು ಕಳೆದಿಲ್ಲವಲ್ಲ."

ಚ್ಯಾವ್ ಅಜ್ಜಿ ಅಂಗಳದಲ್ಲಿ ಹಂದಿಗೆ ಬೂಸಾ ಕಲೆಸ್ತಾ ಇದ್ಲು. ಗಾಳಿ ಬಂದ್ರೆ ಹಾರಿಹೋಗೋ ಅಷ್ಟು ಸಣ್ಣಗಿದ್ಲು, ಗಂಟಲು ಮಾತ್ರ ಹಳದಿ ನದಿ ಆಚೆ ದಡಕ್ಕೆ ಕೇಳೋ ಅಂಥದ್ದು.

"ಕ್ಯಾಂಪಿಗೆ ಹೋಗಿದ್ಯಾ ಅಜ್ಜಿ?"

"ಸೊಪ್ಪು ಕೊಡೋಕೆ ದಿನಾ ಹೋಗ್ತೀನಿ."

"ಹಂದಿ ತಗೊಂಡ್ಯಾ?"

"ತಗೊಂಡೆ. ಬದಲಿಗೆ ಕೊಟ್ಟೆ. ಅವರ್ದು ಮೇಯಲ್ಲ, ಮರಿ ಹಾಕಲ್ಲ. ನಂದು ಎರಡೂ ಮಾಡುತ್ತೆ. ನಷ್ಟ ಯಾರಿಗೆ ಮಗಾ, ನೀನೇ ಹೇಳು."

"ಅದು ಸರ್ಕಾರದ್ದು ಅಜ್ಜಿ."

"ಆ ಗುಂಡೀಲಿ ಮಲಗಿದ್ನಲ್ಲ, ಅವನದ್ದು. ಎರಡು ಸಾವಿರ ವರ್ಷ ಇಟ್ಕೊಂಡಿದಾನೆ, ಪಕ್ಕದ ಗುಂಡಿಯೋನಿಗೆ ಕೊಟ್ರೆ ಅವನೇನೂ ಅನ್ನಲ್ಲ. ನೀವ್ಯಾಕೆ ಅರಚ್ತೀರಾ?"

"ಪಕ್ಕದ ಗುಂಡಿಯೋನು ಯಾರು?"

ಅಜ್ಜಿ ಬೂಸಾ ಕೈ ಸೆರಗಿಗೆ ಒರೆಸಿಕೊಂಡ್ಲು. "ನನ್ನ ಯಜಮಾನ."

ಗೋಧಿ ಹೊಲದ ಅಂಚಲ್ಲಿತ್ತು ಸಮಾಧಿ. ವಸಂತದಲ್ಲಿ ಹಿರಿಯರ ಹಬ್ಬಕ್ಕೆ ಗುಡ್ಡೆ ಗುಡಿಸಿ ಇಟ್ಟಿದ್ದ ಕಾಗದದ ಚೂರುಗಳು ಇನ್ನೂ ಅಲ್ಲೇ ಇದ್ವು. ಒಂದು ಮೂಲೇಲಿ ಮಣ್ಣು ಹಸಿ. ಗುದ್ದಲಿ ಹಾಕೋ ಮುಂಚೆ ಪಾಂಗ್ ಟೋಪಿ ತೆಗೆದು ಮೂರು ಸಲ ತಲೆ ಬಗ್ಗಿಸಿದ. "ಅಜ್ಜಾ, ಡ್ಯೂಟಿ ಮೇಲೆ ಬಂದಿದೀನಿ, ಕೋಪ ಮಾಡ್ಕೋಬೇಡ" ಅಂದ. ಪಂಚರಲ್ಲಿ ಒಬ್ಬ ಕಟುಕ ಹಾನ್. ಬುಧವಾರದ ಕೋಪ ಇನ್ನೂ ಇಳಿದಿರಲಿಲ್ಲ, ಆದ್ರೂ ಅವನೂ ತಲೆ ಬಗ್ಗಿಸಿದ.

ಬುಟ್ಟಿ ಸಿಕ್ತು. ಅದರೊಳಗೆ ಅಜ್ಜಿ ಮದುವೆಯ ಕೆಂಪು ಕುಪ್ಪಸ. ಅದರೊಳಗೆ ಹಸಿರು ಹಂದಿ, ಮೂತಿ ಮುಂದೆ ಒಂದು ಹಿಡಿ ಬೂಸಾ. ಒಂದು ಗೀರೂ ಬಿದ್ದಿರಲಿಲ್ಲ. ಯಿನ್ ಮೇಷ್ಟ್ರು ಅದನ್ನ, ಹೆತ್ತ ಮಗೂನೂ ಯಾರೂ ಹಾಗೆ ಅಪ್ಪಿರಲಾರರು ಅನ್ನೋ ಹಾಗೆ, ಎದೆಗೆ ಒತ್ತಿಕೊಂಡು ಅತ್ತರು.

ಅಜ್ಜಿ ಪಂಚನಾಮೆಗೆ ಹೆಬ್ಬೆಟ್ಟು ಒತ್ತಿದ್ಲು. ಬಂಧಿಸಿ ಮೋಟಾರ್‌ಸೈಕಲ್ಲಿನ ತೊಟ್ಟಿಲಲ್ಲಿ ಕೂರಿಸಿದ್ರು. ಅವಳು ಜೀವಮಾನದಲ್ಲಿ ಮೋಟಾರ್ ಗಾಡಿ ಹತ್ತಿದೋಳಲ್ಲ. "ಊರೊಳಗಿಂದ ಹೋಗೋ, ನಮ್ಮ ಓರಗಿತ್ತಿ ನೋಡಲಿ" ಅಂದ್ಲು. ಪಾಂಗ್ ಊರೊಳಗಿಂದಲೇ ಹೋದ.

ಸ್ಟೇಷನ್ನಲ್ಲಿ ಹೇಳಿಕೆ ಬರ್ಕೊಳ್ಳೋಕೆ ಕೂತ್ರು.

"ಯಾಕೆ ಅಜ್ಜಿ?"

"ಬರಗಾಲದ ವರ್ಷಕ್ಕೆ ಮುಂಚೆ ಅವನೊಂದು ಹಂದಿ ಸಾಕಿದ್ದ. ನನಗಿಂತ ಅದರ ಜೊತೆ ಜಾಸ್ತಿ ಮಾತಾಡ್ತಿದ್ದ. ಊರಿಗೆಲ್ಲಾ ಒಂದೇ ಅಂತ ಸರ್ಕಾರ ಮಾಡಿದ್ದ ಅಡುಗೆಮನೆಗೆ ಅದನ್ನ ಹೊಡ್ಕೊಂಡು ಹೋದ್ರು. ಆಮೇಲೆ ಅಡುಗೆಮನೇಲೂ ಏನೂ ಇರಲಿಲ್ಲ. ಹಸಿವಿಂದಲೇ ಹೋದ, ಅವನನ್ನ ಚಾಪೇಲಿ ಸುತ್ತಿ ಮಣ್ಣು ಮಾಡಿದ್ವಿ." ಅಜ್ಜಿ ಬಗ್ಗಿ ಮರಿ ಬೆನ್ನು ತುರಿಸಿದ್ಲು. "ಹೋಗೋ ಮುಂಚೆ ಕಣ್ಣು ಬಿಟ್ಟು, 'ಹಂದಿಗೆ ಬೂಸಾ ಹಾಕಿದ್ಯಾ' ಅಂದ. ಹಾಕಿದೀನಿ ಅಂದೆ. ಅಲ್ಲಿ ಹುಡುಕ್ತಾ ಇರ್ತಾನೆ ಮಗಾ. ಸುಟ್ಟಿದ್ದು ಅವನಿಗೆ ಸೇರುತ್ತೆ ಅಂತ ವರ್ಷಾವರ್ಷ ಕಾಗದದ ಹಂದಿ ಸುಡ್ತೀನಿ. ಅವನು ತಿರುಗಿ ನೋಡೋದರೊಳಗೆ ಬೂದಿ. ಈ ಹಂದಿ ನೋಡು, ಎರಡು ಸಾವಿರ ವರ್ಷ ಹೇಗೆ ನಿಂತಿತ್ತು."

ರುವಾನ್ ಕೇಳಿಸೋ ಕಿವಿ ಮೇಲಿನ ಸಿಗರೇಟು ಕೆಳಗಿಟ್ಟಿದ್ದ. ಅಷ್ಟನ್ನೂ ತಪ್ಪಿಲ್ಲದೆ ಬರೆದ.

ಶುಕ್ರವಾರ ಹಂದಿ ಲಾರಿ ಹತ್ತಿತು. ನ್ಯಾಯಾಧೀಶರು ಅಜ್ಜೀನ ಬೈದು, ಎಚ್ಚರಿಕೆ ಕೊಟ್ಟು ಬಿಟ್ರು. ಕೊಟ್ಟಿದ್ದನ್ನ ವಾಪಸ್ ತಗೊಳಲ್ಲ ಅಂತ ಅವಳು ಮರೀನ ಸ್ಟೇಷನ್ನಲ್ಲೇ ಬಿಟ್ಟು ಹೋದ್ಲು. ಅದು ಈಗ ರುವಾನ್ ಕುರ್ಚಿ ಕೆಳಗೆ ಮಲಗುತ್ತೆ.

ಮುಂದಿನ ವಾರ ಪಾಂಗ್ ಮತ್ತೆ ಲೈ ಗೂಡಿನ ಮುಂದೆ ನಿಂತ. ಲೈ ಕೈ ಮೇಲೆತ್ತಿದ. "ನಾನಲ್ಲ ಸಾಹೇಬ್ರೆ."

"ಗೊತ್ತು. ಒಂದು ಹಂದಿ ಮಾಡಿಕೊಡು. ಹಸಿರು."

"ಹಳೇದು ಕಾಣೋ ಹಾಗೆ ಮಾಡ್ಲಾ?"

"ಬೇಡ, ಹೊಸದೇ ಇರಲಿ" ಅಂದ ಪಾಂಗ್. "ಹೋಗೋ ಕಡೆ ಹಳೇದಾಗೋಕೆ ಅದಕ್ಕೆ ಬೇಕಾದಷ್ಟು ಹೊತ್ತಿದೆ."